ಡೈನಮೊ ಮೇಲಿನ ಕುಂಕುಮ

“ಇದು ಹೊಸಾದಲ್ಲರಿ, ಸಾವಕಾರ್ರ.”

ಶಂಕರೆಪ್ಪ ಅಷ್ಟೇ ಹೇಳಿ ಡೈನಮೊವನ್ನು ಮೇಜಿನ ಮೇಲಿಟ್ಟ. ನಮ್ಮ ಕಣ್ಣೆದುರಿಗೇ ನಮ್ಮ ಕಾರಿನಿಂದ ಬಿಚ್ಚಿದ್ದು. ಗಾಡಿ ಓಡುವಾಗ ಬ್ಯಾಟರಿಗೆ ಕರೆಂಟು ತುಂಬುವ ಈ ಸಾಮಾನನ್ನು ಎರಡು ವಾರದ ಹಿಂದೆ ಬೈಲಹೊಂಗಲದಲ್ಲಿ ಸಂದೀಪ ಹಾಕಿಕೊಟ್ಟಿದ್ದ. ಹೊಸದು ಎಂದು ಹೇಳಿ, ಹೊಸದರ ದುಡ್ಡು ತೆಗೆದುಕೊಂಡು.

ಶಂಕರೆಪ್ಪ ಉಗುರಿನಿಂದ ಅದರ ಮೈ ಕೆರೆದ. ಬೂದು ಬಣ್ಣ ಸಿಪ್ಪೆಯಂತೆ ಎದ್ದಿತು. ಕೆಳಗೆ ತುಕ್ಕು.

“ಹಳೇ ಸಾಮಾನಕ್ಕ ಬಣ್ಣಾ ಬಡದಾರ. ವರ್ಷಾನಗಟ್ಟಲೆ ಓಡಿದ್ದೈತಿ ಇದು.”

ಹಿಂದಿನ ದಿನ ಸಿರಸಂಗಿಯಿಂದ ಮರಳುವಾಗ ಗಾಡಿ ದಾರಿಯಲ್ಲೇ ನಿಂತು, ಸವದತ್ತಿಯ ಆ ಗ್ಯಾರೇಜಿಗೆ ಎಳೆಸಿ ಬಿಟ್ಟು ಹೋಗಿದ್ದೆವು. ಅಲ್ಲಿ ಆಗ ಐದು ಜನ ಇದ್ದೆವು. ಅಪ್ಪ, ನಾನು, ಮಧು ವೈನಿ – ನನ್ನ ಅಣ್ಣ ಕಲ್ಮೇಶನ ಹೆಂಡತಿ. ಗ್ಯಾರೇಜಿನ ಒಡೆಯ ಶಂಕರೆಪ್ಪ. ಅವನ ಅಕ್ಕನ ಮಗ, ಅಲ್ಲಿಯೇ ಕೆಲಸ ಮಾಡುವ ಯುವರಾಜ. ಬಾನೆಟ್ ಎತ್ತಿದಾಗ ನಾವೆಲ್ಲ ಬಗ್ಗಿ ನೋಡಿದ್ದೆವು. ಕಡಿದು ಜೋತುಬಿದ್ದ ಬೆಲ್ಟು, ಧೂಳು, ಎಣ್ಣೆ, ಬೂದು ಲೋಹ – ನನಗೆ ಕಂಡದ್ದು ಅಷ್ಟೇ.

“ನಮ್ಮದ ಹೌದಲ್ಲ ಇದು?” ಎಂದ ಅಪ್ಪ. ದನಿ ತಗ್ಗಿತ್ತು. ನಮ್ಮಪ್ಪ ನಿಜಗುಣಪ್ಪನ ದನಿ ತಗ್ಗಿದಾಗಲೇ ಹೆದರಬೇಕು.

ಶಂಕರೆಪ್ಪ ಡೈನಮೊವನ್ನು ಹೊರಳಿಸಿದ. ಇನ್ನೊಂದು ಮಗ್ಗುಲಲ್ಲಿ ಹೆಬ್ಬೆರಳಗಲ ಕುಂಕುಮ.

“ಇದು ನೀವ ಹಚ್ಚಿದ್ದೇನ್ರಿ?”

“ನಾವ. ನಿನ್ನಿ ಸಿರಸಂಗ್ಯಾಗ ಪೂಜಿ ಮಾಡೇವಿ.” ಅಪ್ಪ ಕಣ್ಣು ಮುಚ್ಚಿ ತೆರೆದ. “ಹಂಗಾದ್ರ ಹಳೇ ಕಬ್ಬಿಣಕ್ಕ ಆರತಿ ಎತ್ತಿ ಬಂದ್ವಿ. ಆ ಹುಡುಗ ನನಗ ಟೊಪ್ಪಿಗಿ ಹಾಕಿದ.”

ಆಮೇಲೆ ವೈನಿಯನ್ನು ಕೇಳಿದ – “ನೀ ಏನಂತೀ, ಮಧು?”

ಸಂದೀಪನ ಹೆಸರು ಮನೆಯಲ್ಲಿ ಮೊದಲು ಎತ್ತಿದವಳು ನಾನು. ಹೈಸ್ಕೂಲಿನಲ್ಲಿ ನನ್ನ ಜೊತೆ ಓದಿದವ. ಇದೇ ಶಂಕರೆಪ್ಪನ ಕೈಕೆಳಗೆ ಆರು ವರ್ಷ ಕೆಲಸ ಕಲಿತು, ಹೋದ ವರ್ಷ ಊರಿಗೆ ಬಂದು ಸ್ವಂತ ಗ್ಯಾರೇಜಿಗೆ ಜಾಗ ಹುಡುಕುತ್ತಿದ್ದ. ರಸ್ತೆ ಮಗ್ಗುಲಿನ ನಮ್ಮ ಖಾಲಿ ಜಾಗ ಅವನಿಗೆ ಬಾಡಿಗೆಗೆ ಕೊಡೋಣ ಎಂದು ಊಟದ ಹೊತ್ತಿನಲ್ಲಿ ಹೇಳಿದೆ. ನಾಲ್ಕು ದಿನ ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡು ಹೇಳಿದ್ದು. ಅಪ್ಪ ರೊಟ್ಟಿ ಮುರಿಯುತ್ತ, “ಮಧು, ನಿನಗ ಹೆಂಗ ಅನಸ್ತತಿ?” ಎಂದ. ವೈನಿ “ಕೊಡ್ರಿ ಮಾವಾರ” ಎಂದಳು. ಕೊಟ್ಟ. ಮನೆಯಲ್ಲಿ ಈಗಲೂ ಅದು ವೈನಿ ಕೊಡಿಸಿದ ಜಾಗ.

ವೈನಿಯ ತವರು ರಾಮದುರ್ಗ. ಅವಳ ಅಪ್ಪನದು ಗಾಡಿ ಬಿಡಿಭಾಗಗಳ ಅಂಗಡಿ. ಸಾಲೆ ಬಿಟ್ಟ ಮೇಲೆ ಸಂಜೆತನಕ ಗಲ್ಲೆಯ ಮೇಲೆ ಕೂತು ಬೆಳೆದವಳು. ಬೇರಿಂಗನ್ನು ಕಿವಿಯ ಹತ್ತಿರ ತಿರುಗಿಸಿ, ಎಷ್ಟು ದಿನ ಬಾಳುತ್ತದೆ ಎಂದು ಹೇಳುತ್ತಾಳೆ. ನಾನು ಬಿ.ಕಾಂ. ಪಾಸಾದಾಗ ಅಪ್ಪ “ಚಲೋ ಆತು” ಎಂದಿದ್ದ. ವೈನಿ ನಮ್ಮ ಟ್ರ್ಯಾಕ್ಟರಿನ ಬೇರಿಂಗು ಹಿಡಿದು ನೋಡಿದ ದಿನ ಓಣಿಗೆಲ್ಲ ಹೇಳಿಕೊಂಡು ಬಂದ.

ಆದರೆ ಈಗ ಅಪ್ಪ ಅವಳ ಉತ್ತರಕ್ಕೂ ಕಾಯಲಿಲ್ಲ. ಫೋನು ತೆಗೆದ.

“ಸಂದೀಪ, ಸವದತ್ತ್ಯಾಗ ನಿನ್ನ ಡೈನಮೊ ಬಿಚ್ಚೇವಿ. ಹಳೇ ಕಬ್ಬಿಣ. ಇವತ್ತ ಸಂಜಿ ಅನ್ನೂದರಾಗ ನನ್ನ ಜಾಗಾ ಖಾಲಿ ಆಗಬೇಕು.”

ಆ ಕಡೆಯಿಂದ ಏನೋ ಹೇಳಿದ ಸದ್ದು. ಅಪ್ಪ ಕಟ್ ಮಾಡಿದ. ಕೂಡಲೇ ಇನ್ನೊಂದು ನಂಬರು. ಸಂದೀಪನ ಗ್ಯಾರೇಜಿನ ಪಕ್ಕದಲ್ಲಿ ಟೈರ್ ಅಂಗಡಿ ಇಟ್ಟಿರುವ ಮಲಕಾಜಪ್ಪ.

“ಮಲಕಾಜಪ್ಪ, ಆ ಹುಡುಗನ ಕಡೆ ಯಾರೂ ಗಾಡಿ ಬಿಡಬ್ಯಾಡ್ರಿ ಅಂತ ಹೇಳು. ಹೂಂ. ನನಗ ಹಾಕ್ಯಾನ ಟೊಪ್ಪಿಗಿ. ಹೂಂ, ನನಗ!”

ಮಲಕಾಜಪ್ಪನಿಗೆ ಹೇಳಿದರೆ ಬಜಾರಿಗೆ ಹೇಳಿದಂತೆ. ಮಧ್ಯಾಹ್ನದ ಹೊತ್ತಿಗೆ ಸಂದೀಪನ ಹೆಸರು ಮಣ್ಣಾಗುವುದು ಖಾತ್ರಿ.

“ಮಾವಾರ, ಅವನ್ನ ಇಲ್ಲಿಗೆ ಕರಸ್ರಿ,” ಎಂದಳು ವೈನಿ. “ಅವನ ಸಾಮಾನಿನ ಮಾತು ಅವನ ಮುಂದ ಆಗಲಿ.”

“ಕರಸೂದ ಏನ ಐತಿ? ಕುಂಕುಮಾ ಕಣ್ಣಿಗೆ ಕಾಣಸ್ತೈತಿ.”

“ಕರಸ್ರಿ, ಸಾವಕಾರ್ರ.” ಇದು ಶಂಕರೆಪ್ಪ. “ನನ್ನ ಕೈಯಾಗ ಕಲ್ತವ. ನನಗೂ ಕೇಳೂದೈತಿ.”

ಫೋನು ಮಾಡಬೇಕಾಗಿಯೇ ಬರಲಿಲ್ಲ. ಅಪ್ಪನ ಮೊಬೈಲಿಗೆ ಸಂದೀಪನದೇ ಮೆಸೇಜು ಬಂತು – ಹೊರಟಿದ್ದೇನೆ, ಒಂದು ತಾಸು.

ಆ ಒಂದು ತಾಸಿನಲ್ಲಿ ವೈನಿ ತನ್ನ ಕೆಲಸ ಶುರು ಮಾಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಯುವರಾಜನ ಎದುರಿಗಿದ್ದ ಟೈರಿನ ಮೇಲೆ ಕೂತಳು. ನಾನು ಬಾಗಿಲ ಹತ್ತಿರ ನಿಂತೆ. ಅವಳಿಗೆ ಅಪರಿಚಿತರ ಹತ್ತಿರ ಹೀಗೆ ಕೂತು ಮಾತಾಡಲು ಬರುತ್ತದೆ. ನಾನು ಬಸ್ಸಿನಲ್ಲಿ ಟಿಕೆಟ್ ಕೇಳಲೂ ಮೊದಲು ಮಾತು ಜೋಡಿಸಿಕೊಳ್ಳಬೇಕು.

“ತಮ್ಮಾ, ನಿನ್ನಿ ನಾವ ಗಾಡಿ ಬಿಟ್ಟಾಗ ಎಷ್ಟ ಹೊತ್ತಾಗಿತ್ತು?”

“ಹನ್ನೆರಡೂವರಿ ಆಗಿತ್ರಿ ಅಕ್ಕಾರ. ಟ್ರ್ಯಾಕ್ಟರ್ ಎಳಕೊಂಡ ಬಂತಲ್ರಿ.”

“ನಾ ನಿನಗ ಏನ ಹೇಳಿದ್ದೆ?”

“ನಾವ ಬರೂ ಮಟಾ ಏನೂ ಬಿಚ್ಚಬ್ಯಾಡ ಅಂದಿದ್ರಿ.”

ಹೌದು, ಹೇಳಿದ್ದಳು. ಅಪ್ಪ ಹೊಸ ಡೈನಮೊ ಸಂದೀಪ ಹಾಕಿದ್ದೆಂದು ಯುವರಾಜನಿಗೆ ತಿಳಿಸಿ, ಎಂದಿನಂತೆ “ಏನ ಬೇಕ ಅದನ್ನ ಮಾಡ್ರಪಾ” ಎಂದು ಕೀಲಿ ಚಾಚಿದ್ದ. ವೈನಿ ತಡೆದಿದ್ದಳು. “ಹಂಗ ಅನಬ್ಯಾಡ್ರಿ ಮಾವಾರ. ಏನ ಬೇಕ ಅದನ್ನ ಮಾಡ್ರಿ ಅಂದ್ರ, ಅವರಿಗೆ ಏನ ಬೇಕ ಅದನ್ನ ಮಾಡತಾರ. ಬಿಚ್ಚೂದು ನಮ್ಮ ಮುಂದ. ಬಿಚ್ಚಿದ್ದು ನಮ್ಮ ಕೈಯಾಗ.” ಅಪ್ಪ ನಕ್ಕಿದ್ದ. ನಾನು ಅಂಥ ಮಾತು ಹೇಳಿದ್ದರೆ ‘ದೊಡ್ಡವರ ನಡುವ ಬಾಯಿ ಹಾಕಬ್ಯಾಡ’ ಎನ್ನುತ್ತಿದ್ದ.

“ಬಿಚ್ಚಲಿಲ್ಲ. ಬಾನೆಟ್ ಎತ್ತಿ ನೋಡಿದಿ?”

“ಅಯ್ಯ, ಇಲ್ರೀ. ಅಮಾಸಿ. ಮಾಮಾನ ಕಾಯದೆ ಅಂದ್ರ ಕಾಯದೆ. ಅಮಾಸಿ ದಿನ ನಟ್ಟ ಬಿಚ್ಚೂ ಪಾನಾ ಮುಟ್ಟೂದಿಲ್ಲ. ಪೂಜಿ ಮಾಡಿ ಕಾಯಿ ಒಡದು ಬಾಗಲಾ ಎಳಕೊಂಡ್ನಿ.”

“ಬಾಗಲದ ಕೀಲಿ?”

“ನನ್ನ ಕಡೇನ ಇತ್ತು.”

“ನಿಮ್ಮ ಮಾಮಾ?”

ಶಂಕರೆಪ್ಪನೇ ಹೇಳಿದ. “ಉಗರಗೋಳದಾಗ ಬೀಗರ ಮನಿ ಐತ್ರಿ. ಅಮಾಸಿಗೊಮ್ಮೆ ದೇವಿ ಗುಡ್ಡಕ್ಕ ಹೋಗೂದು, ರಾತ್ರಿ ಅಲ್ಲೇ ಇರೂದು. ನಿನ್ನಿ ನಸುಕಿನ್ಯಾಗ ಹೋದಾವ, ಇವತ್ತ ನಿಮ್ಮ ಮುಂದನ ಟೆಂಪೊ ಇಳದ್ನಲ್ಲ.”

ಅದು ನಿಜ. ನಾವು ಬಸ್ಸಿಳಿದು ಬರುತ್ತಿದ್ದಾಗ ಅವನು ಟೆಂಪೊದಿಂದ ಇಳಿಯುತ್ತಿದ್ದ. ಹಣೆಯ ತುಂಬ ಭಂಡಾರ, ಕೈಯಲ್ಲಿ ಪ್ರಸಾದದ ಚೀಲ. ಮನೆಗೂ ಹೋಗದೆ ನಮ್ಮ ಜೊತೆಯೇ ಗ್ಯಾರೇಜಿಗೆ ಬಂದಿದ್ದ.

“ಸಂದೀಪ ನಿಮ್ಮ ಕಡೆ ಇದ್ದಾಗ ಹೆಂಗಿದ್ದ?”

ಶಂಕರೆಪ್ಪ ತಡೆದು ಹೇಳಿದ. “ಸುಳ್ಳ ಯಾಕ ಹೇಳ್ಲಿ? ಹೋಗೂ ಮುಂದ ನನ್ನ ಗಿರಾಕಿ ಅರ್ಧ ಮಂದೀನ ಎಳಕೊಂಡ ಹೋದ. ಆ ಸಿಟ್ಟ ನನಗೈತಿ. ಆದ್ರ ಆ ಕೈಯಿ... ಅಂಥಾ ಕೈಯಿ ಈ ಗ್ಯಾರೇಜಿನ್ಯಾಗ ಮತ್ತ ಬರಲಿಲ್ಲರಿ. ಸಪ್ಪಳಾ ಕೇಳಿ ಜಡ್ಡ ಹೇಳಾಂವ.”

ಯುವರಾಜ ಅರಿವೆಯಿಂದ ಪಾನಾ ಒರೆಸುತ್ತಿದ್ದ. ಒರೆಸಿದ್ದನ್ನೇ ಮತ್ತೆ ಒರೆಸಿದ. ಅವನ ಮುಖದ ಮೇಲಿನ ಭಾವ ನನಗೆ ಬೇರೆಲ್ಲೋ ನೋಡಿದಂತೆ ಅನಿಸಿತು. ಎಲ್ಲಿ ಎಂದು ಆಗ ಹೊಳೆಯಲಿಲ್ಲ.

ಶಂಕರೆಪ್ಪನಿಗೆ ಸಿಟ್ಟಿದೆ. ಗಿರಾಕಿಗಳನ್ನು ಕಳಕೊಂಡಿದ್ದಾನೆ. ನಾನು ಆ ಕ್ಷಣಕ್ಕೆ ಅವನನ್ನೇ ಅನುಮಾನಿಸಿದೆ. ವೈನಿ ಮಾತ್ರ ಯುವರಾಜನ ಜೇಬಿನಿಂದ ಇಣುಕುತ್ತಿದ್ದ ಚೀಟಿ ಕೇಳಿದಳು.

“ಅದೇನದು?”

“ನಿಮ್ಮ ಗಾಡಿಗೆ ಆಗಬೇಕಾದ ಕೆಲಸರಿ. ಡೈನಮೊ, ಕ್ಲಚ್ ಪ್ಲೇಟು, ಹಿಂದಿನ ಬ್ರೇಕು...”

“ನಿನ್ನಿ ಬಾನೆಟ್ ಎತ್ತಿಲ್ಲ ಅಂದಿ. ಕ್ಲಚ್ ಹೋಗೇತಿ ಅಂತ ಹೆಂಗ ಗೊತ್ತಾತು?”

“ಓಡಿಸಿ ನೋಡಿದ್ರ ತಿಳೀತೈತ್ರಿ.”

“ಚಾಲೂನ ಆಗದ ಗಾಡಿ. ಟ್ರ್ಯಾಕ್ಟರ್ ಎಳಕೊಂಡ ಬಂದೈತಿ. ಹೆಂಗ ಓಡಿಸಿದಿ?”

ಯುವರಾಜ ಕೆಮ್ಮಿದ. “ಅಂದಾಜಿನ ಮ್ಯಾಲ್ರಿ.”

“ಅಂದಾಜಿನ ಮ್ಯಾಲ ಪಲ್ಯೇಕ ಉಪ್ಪ ಹಾಕಬಹುದು, ತಮ್ಮಾ. ಕ್ಲಚ್ ಹಾಕಂಗಿಲ್ಲ.”

ಅಪ್ಪ ಅಷ್ಟು ಸಿಟ್ಟಿನಲ್ಲೂ ಮೀಸೆಯಲ್ಲೇ ನಕ್ಕ. ನಾನು ಮುಖ ಹೊರಳಿಸಿ ರಸ್ತೆ ನೋಡಿದೆ.

ವೈನಿ ಎದ್ದು ಅಂಗಳ ಸುತ್ತಿದಳು. ಮೂಲೆಯಲ್ಲಿ ಮುಖ ಜಜ್ಜಿಹೋದ ಒಂದು ಕಾರು ನಿಂತಿತ್ತು. ನಮ್ಮದರ ಜಾತಿಯದೇ.

“ಇದು ಯಾರದ್ರಿ?”

“ಕಿತ್ತೂರ ಹತ್ರ ಲಾರಿಗೆ ಗುದ್ದಿದ್ದು. ಆರ ತಿಂಗಳಾತು ಬಂದು,” ಎಂದ ಶಂಕರೆಪ್ಪ. “ಮಾಲಕ ಈ ಕಡೆ ಹಾಯ್ದಿಲ್ಲ.”

ವೈನಿ ಅದರೊಳಗೆ ಇಣುಕಿದಳು. ಕೈಗೆ ಹತ್ತಿದ ಧೂಳು ಒರೆಸಿಕೊಂಡು ಬಂದಳು.

ಸಂದೀಪ ಬೈಕಿನಿಂದ ಇಳಿದಾಗ ಮುಖದ ತುಂಬ ಧೂಳು. ಯಾರಿಗೂ ನಮಸ್ಕಾರ ಮಾಡದೆ ನೇರ ಮೇಜಿನ ಹತ್ತಿರ ಹೋದ. ಡೈನಮೊ ಎತ್ತಿ, ಹೊರಳಿಸಿ, ಇಟ್ಟ.

“ಇದು ನಾ ಹಾಕಿದ್ದಲ್ಲ.”

“ಹಂಗನ ಅಂತಿ ಅಂತ ಗೊತ್ತಿತ್ತು,” ಎಂದ ಯುವರಾಜ. “ಕುಂಕುಮಾ ನೋಡು. ನಿನ್ನಿ ಸಿರಸಂಗಿ ಕಾಳಮ್ಮನ ಮುಂದ ಹಚ್ಚಿದ್ದಂತ. ದೇವರ ಸಾಕ್ಷಿ ಐತಿ, ಮತ್ತೇನ ಬೇಕು?”

“ಕಾಕಾರ, ಇಲ್ಲಿ ನೋಡ್ರಿ.” ಸಂದೀಪ ಅಪ್ಪನಿಗೆ ಫೋನು ಹಿಡಿದ. “ನಾ ಹಾಕೂ ಪ್ರತಿ ಸಾಮಾನಿನ ಫೋಟೊ ಇಡತೇನಿ, ಮೈಮ್ಯಾಲಿನ ನಂಬರ್ ಸುದ್ದಾ. ಇದು ನಿಮ್ಮ ಡೈನಮೊದ ನಂಬರ್. ಇದರ ಮ್ಯಾಲ ಆ ನಂಬರ್ ಎಲ್ಲೈತಿ ತೋರಸ್ರಿ?”

“ನಂಬರಿನ ಚೀಟಿ ಕಿತ್ತಾರ,” ಎಂದ ಯುವರಾಜ. “ಯಾರ ಕೀಳತಾರ? ಹಾಕಿದವರ ಕೀಳತಾರ. ಹೊಸಾದ್ದರ ಫೋಟೊ ತಗದು ಹಳೇದ ಕೂಡಸೂದು ಏನ ದೊಡ್ಡ ವಿದ್ಯೇನ?”

ಅಪ್ಪ ಫೋನು ವಾಪಸು ಕೊಟ್ಟ. “ಸಾಕು. ಸಂಜಿ ಅನ್ನೂದರಾಗ ಅಂದೇನಲ್ಲ, ಅಷ್ಟ.”

“ಕಾಕಾರ, ಆ ಜಾಗಾ ಬಿಟ್ಟ ಮ್ಯಾಲ ಬೈಲಹೊಂಗಲದಾಗ ನನಗ ಯಾರ ಜಾಗಾ ಕೊಡತಾರ? ಮಲಕಾಜಪ್ಪ ಆಗಲೇ ಬಾಗಲಾಗ ನಿಂತು ಮಂದೀಗೆ ಹೇಳಾಕತ್ತಾನ. ನಮ್ಮವ್ವ ಅಲ್ಲೇ ಕುಂತಿದ್ಲು. ಕೇಳಿಸ್ಕೊಂಡ್ಲು.” ನನ್ನ ಕಡೆ ತಿರುಗಿದ. “ಗಂಗಾ, ನೀನೂ ಹಂಗ ತಿಳದಿಯೇನು?”

ಇಲ್ಲ ಎನ್ನಬೇಕಿತ್ತು. ನಾನು ಅಪ್ಪನ ಕಡೆ ನೋಡಿದೆ. ಅವನು ಒಂದು ಗಳಿಗೆ ಕಾದ. ಆಮೇಲೆ ಎಲ್ಲರೂ ಮಾಡುವುದನ್ನೇ ಮಾಡಿದ – ವೈನಿಯ ಕಡೆ ನೋಡಿದ. “ಅಕ್ಕಾರ, ನೀವಾದ್ರೂ ಹೇಳ್ರಿ.”

ನೀವಾದರೂ!

“ಈ ಡೈನಮೊ ಒಯ್ದು ಗಾಡ್ಯಾಗ ಅದರ ಜಾಗಾದ ಮ್ಯಾಲ ಕೂಡಸು,” ಎಂದಳು ವೈನಿ ಅವನಿಗೆ. “ಬಿಗೀಬ್ಯಾಡ. ಬರೇ ಕೂಡಸು.”

ಸಂದೀಪ ಕೂಡಿಸಿದ. ನಮ್ಮ ಕಾರಿನಲ್ಲಿ ಅದು ಇಂಜಿನ್ನಿನ ಮುಂಭಾಗಕ್ಕೆ, ಮೇಲೆಯೇ ಇದೆ. ಬಾನೆಟ್ ಎತ್ತಿದರೆ ಮೊದಲು ಕಣ್ಣಿಗೆ ಬೀಳುತ್ತದೆ. ವೈನಿ ಎದುರಿಗೆ ನಿಂತು ನೋಡಿದಳು. ಎಡಕ್ಕೆ ಬಂದು ನೋಡಿದಳು. ಇಂಜಿನ್ನಿಗೂ ಅದಕ್ಕೂ ನಡುವೆ ಬೆರಳು ತೂರಿಸಲು ನೋಡಿದಳು. ಆಮೇಲೆ ನನ್ನ ಹತ್ತಿರ ಬಂದಳು.

“ಗಂಗಾ. ನಿನ್ನಿ ಸಿರಸಂಗ್ಯಾಗ ತಗದ ಫೋಟೊ ಖರೇನ ಅಳಿಸಿದೇನು?”

ನಿನ್ನೆಯ ಮಾತು. ಹೊಸ ಸಾಮಾನು ಕೂಡಿಸಿದ ಮೇಲೆ ಗಾಡಿಯನ್ನು ಕಾಳಮ್ಮನ ಗುಡಿಗೆ ಒಯ್ಯಬೇಕೆಂದು ಅವ್ವನ ಹಟ. ಕಬ್ಬಿಣ ಹಿಡಿದವರೆಲ್ಲ ನಡೆದುಕೊಳ್ಳುವ ದೇವಿ. ಗುಡಿಯ ಮುಂದೆ ಬಾನೆಟ್ ತೆಗೆದು, ಹೊಸ ಡೈನಮೊಗೆ ಕುಂಕುಮ ಹಚ್ಚಿ, ಆರತಿ ಮಾಡಿ ಬರಬೇಕೆಂದು ಹೇಳಿ ಕಳಿಸಿದ್ದಳು. ಆರತಿ ತಟ್ಟೆ ನನ್ನ ಕೈಯಲ್ಲೇ ಇತ್ತು. ಅಪ್ಪ “ಮನಿ ಸೊಸಿ ಮಾಡ್ಲಿ ಬಿಡು” ಎಂದ. ತಟ್ಟೆ ಅವಳ ಕೈಗೆ ಹೋಯಿತು. ನನ್ನ ಕೈಗೆ ಫೋಟೊ ತೆಗೆಯುವ ಕೆಲಸ ಬಂತು.

ಮೂರು ತೆಗೆದೆ. ಮೂರರಲ್ಲೂ ವೈನಿ ನಡುವೆ. ಅಪ್ಪ ಪಕ್ಕದಲ್ಲಿ ನಿಂತು ಅವಳನ್ನೇ ನೋಡಿ ನಗುತ್ತಿದ್ದಾನೆ. ನನ್ನ ಹುಟ್ಟಿದ ಹಬ್ಬದ ಫೋಟೊಗಳಲ್ಲಿಯೂ ಅಪ್ಪನ ಅಂಥ ನಗೆ ಇಲ್ಲ. ರಾತ್ರಿ ವೈನಿ ಕೇಳಿದಾಗ “ಮಸಕ ಬಂದಾವ, ಅಳಿಸೇನಿ” ಎಂದಿದ್ದೆ.

ಅಳಿಸಿರಲಿಲ್ಲ.

ಈಗ ‘ಹೌದು’ ಎಂದರೆ ಮುಗಿಯಿತು. ಅವಳ ಮನಸ್ಸಿನಲ್ಲಿ ಏನಿದೆಯೋ, ಅದಕ್ಕೆ ಆ ಫೋಟೊ ಬೇಕು. ಅದು ಸಿಗದಿದ್ದರೆ ಮೊದಲ ಸಲ, ಅಪ್ಪನೆದುರಿಗೆ, ಮಧು ವೈನಿಗೂ ಒಂದು ತಿಳಿಯದೆ ಹೋಗುತ್ತದೆ. ಆ ಆಸೆ ನನಗೆ ಆಯಿತು. ಸುಳ್ಳು ಹೇಳುವುದಿಲ್ಲ – ಆಯಿತು.

ಸಂದೀಪ ಇನ್ನೂ ಎರಡೂ ಕೈಯಲ್ಲಿ ಡೈನಮೊ ಒತ್ತಿ ಹಿಡಿದು ಬಗ್ಗಿ ನಿಂತಿದ್ದ. ಬಿಡು ಎಂದು ಯಾರೂ ಹೇಳಿರಲಿಲ್ಲ.

ನಾನು ಫೋನು ತೆಗೆದೆ.

“ಅಳಿಸಿಲ್ಲ,” ಎಂದೆ.

ವೈನಿ ಫೋಟೊ ದೊಡ್ಡದು ಮಾಡಿ ನೋಡಿದಳು. ಉಸಿರು ಬಿಟ್ಟಳು.

“ಎಲ್ಲಾರೂ ಬರ್ರಿ. ಶಂಕರೆಪ್ಪಣ್ಣ, ಮೊದಲ ನೀವ ಬರ್ರಿ. ಈ ಗಾಡ್ಯಾಗ ಕೂತ ಡೈನಮೊಕ್ಕ ನೀವೊಂದ ಬೊಟ್ಟ ಕುಂಕುಮಾ ಹಚ್ಚಬೇಕು. ಎಲ್ಲಿ ಹಚ್ಚತೀರಿ?”

“ಎಲ್ಲಿ ಅಂದ್ರ? ಇಲ್ಲೆ, ಎದುರಿಗೆ. ಕೈಗೆ ಸಿಗೂದ ಇದೊಂದ ಮೈಯಲ್ರಿ?”

“ಅಲ್ಲಿ ಈಗ ಕುಂಕುಮಾ ಐತೇನು?”

ಶಂಕರೆಪ್ಪ ಬಗ್ಗಿದ. “ಇಲ್ಲ.”

“ಮುಂಜಾನಿ ನೀವು ಬಾನೆಟ್ ಎತ್ತಿದಾಗ ಇತ್ತೇನು?”

ಧೂಳು, ಎಣ್ಣೆ, ಬೂದು ಲೋಹ – ನಾನು ನೋಡಿದ್ದೆ. ಕೆಂಪು ಎಲ್ಲಿಯೂ ಇರಲಿಲ್ಲ. ಬಿಚ್ಚಿ ಹೊರಳಿಸಿದ ಮೇಲೇ ಕಂಡದ್ದು. ನೋಡಿಯೂ ನೋಡಿರಲಿಲ್ಲ ನಾವು.

“ಕುಂಕುಮಾ ಇರೂದು ಹಿಂದಿನ ಮೈಗೆ,” ಎಂದಳು ವೈನಿ. “ಸಾಮಾನ ಕೂತಾಗ ಆ ಮೈ ಇಂಜಿನ್ನಿಗೆ ಹತ್ತಿಕೊಂಡಿರತೈತಿ. ಬೆರಳ ಹೋಗಂಗಿಲ್ಲ, ಕಡ್ಡಿ ಹೋಗಂಗಿಲ್ಲ. ನಿನ್ನಿ ಸಿರಸಂಗ್ಯಾಗ ನಾ ಹಿಂದ ಹೆಂಗ ಹಚ್ಚಿದ್ನಿ? ಇಲ್ಲಿ ನೋಡ್ರಿ, ಗಂಗಾ ತಗದ ಫೋಟೊ. ನಾ ಹಚ್ಚಿದ್ದು ಎದುರಿನ ಮೈಗೆ. ಆ ಮೈ ಮ್ಯಾಲ ನಂಬರಿನ ಚೀಟಿನೂ ಐತಿ.”

ಅಪ್ಪ ಫೋನು ಕೈಗೆ ತೆಗೆದುಕೊಂಡ. ಫೋಟೊ ನೋಡಿದ, ಇಂಜಿನ್ ನೋಡಿದ, ಮತ್ತೆ ಫೋಟೊ ನೋಡಿದ.

“ಅಂದ್ರ ಇದು ನಾವ ಪೂಜಿ ಮಾಡಿದ್ದಲ್ಲ.”

“ಅಲ್ಲ. ಪೂಜಿ ಆದ ಮ್ಯಾಲ ಯಾರೋ ಹೊಸಾದನ್ನ ಬಿಚ್ಚಿದ್ರು. ಅದರ ಮ್ಯಾಲ ಕುಂಕುಮಾ ಕಂಡ್ರು. ಕುಂಕುಮಾ ಇಲ್ಲದ ಹಳೇದ ಕೂಡಿಸಿದ್ರ ‘ಇದು ನಮ್ಮದಲ್ಲ’ ಅಂತ ನಾವ ಅಂತೇವಿ. ಅದಕ್ಕ ಇಲ್ಲಿ ದೇವರ ಫೋಟೊದ ಮುಂದಿನ ಕುಂಕುಮಾ ತಗೊಂಡು ಹಳೇದಕ್ಕೂ ಒಂದ ಬೊಟ್ಟ ಹಚ್ಚಿದ್ರು. ಆದ್ರ ಹಚ್ಚಿದಾಗ ಅದು ಮೇಜಿನ ಮ್ಯಾಲಿತ್ತು. ಮೇಜಿನ ಮ್ಯಾಲ ಯಾವ ಮೈ ಆದ್ರೂ ಒಂದ. ಗಾಡ್ಯಾಗ ಹಂಗಲ್ಲ. ಗಡಿಬಿಡ್ಯಾಗ ಮರತ ಹಿಂದಿನ ಮೈಗೆ ಹಚ್ಚಿ ಬಿಗದ್ರು. ಕುಂಕುಮಾ ಒಳಗ ಮುಚ್ಚಿ ಹೋತು.”

“ಹಳೇದ ಎಲ್ಲಿಂದ ಬಂತು?” ಎಂದ ಶಂಕರೆಪ್ಪ. ಕೇಳುವಾಗಲೇ ಅವನ ಕಣ್ಣು ಅಂಗಳದ ಮೂಲೆಗೆ ಹೋಗಿತ್ತು.

“ಕಿತ್ತೂರ ಗಾಡೀದು ಬಿಚ್ಚಿ ಬಣ್ಣಾ ಬಡದಾರ. ಆರ ತಿಂಗಳ ಧೂಳ ಕುಂತೈತಿ ಅದರಾಗ. ಡೈನಮೊ ಜಾಗಾ ಒಂದ ಸ್ವಚ್ಛ ಐತಿ.”

ವೈನಿ ಈಗ ಯುವರಾಜನ ಕಡೆ ತಿರುಗಿದಳು.

“ನಿಮ್ಮ ಮಾಮಾ ನಮ್ಮ ಕುಂಕುಮಾ ನೋಡೇ ಇಲ್ಲ. ಗಾಡಿ ಇಲ್ಲಿ ಬರೂಕಿಂತ ಮೊದಲ ಗುಡ್ಡಕ್ಕ ಹೋದವರು, ಇವತ್ತ ನಮ್ಮ ಜೋಡೀನ ಬಾಗಲಾ ದಾಟಿದ್ರು. ನೋಡದ ಕುಂಕುಮಾನ ಯಾರೂ ನಕಲ ಮಾಡಂಗಿಲ್ಲ. ನಿನ್ನಿ ಇಲ್ಲಿ ಇದ್ದಾವ ನೀ ಒಬ್ಬನ. ಕೀಲಿ ನಿನ್ನ ಕಡೆ. ಬಾನೆಟ್ ಎತ್ತಿದಾವ ನೀ, ಸಾಮಾನ ಬದಲಿ ಮಾಡಿದಾವ ನೀ. ಹೊಸಾದ ಎಲ್ಲಿ ಇಟ್ಟೀದಿ, ಯುವರಾಜ?”

ಯುವರಾಜ ನಗಲು ನೋಡಿದ. ಬಾಯಿ ಸೊಟ್ಟಗಾಯಿತು ಅಷ್ಟೇ.

ಶಂಕರೆಪ್ಪ ಅವನ ಮುಂದೆ ಹೋಗಿ ನಿಂತ. “ಅಮಾಸಿ ದಿನ ಪಾನಾ ಮುಟ್ಟಿದ್ಯಾ?” ಎಂದ ಮೊದಲು. ಕಳವಿನ ಮಾತು ಅವನಿಗೆ ಆಮೇಲೆ ಹೊಳೆಯಿತು. “ಮೂವತ್ತ ವರ್ಷ... ಈ ಗ್ಯಾರೇಜಿನ್ಯಾಗ... ಎಲ್ಲೈತಿ? ತಾ!”

ಯುವರಾಜ ಹಳೆಯ ಟೈರುಗಳ ಹಿಂದಿನಿಂದ ಗೋಣಿಚೀಲ ಎಳೆದು ತಂದ. ಒಳಗೆ ಡೈನಮೊ. ಎದುರಿನ ಮೈಯ ಕುಂಕುಮವನ್ನು ಒರೆಸಿದ್ದ. ಆದರೆ ಗೆರೆಗಳ ಸಂದಿಯಲ್ಲಿ ಕೆಂಪು ಉಳಿದಿತ್ತು. ಸಂದೀಪ ತನ್ನ ಫೋಟೊದ ನಂಬರನ್ನು ಗಟ್ಟಿಯಾಗಿ ಓದಿದ. ಅಪ್ಪ ಸಾಮಾನಿನ ಮೇಲಿನದನ್ನು ಓದಿದ. ಒಂದೊಂದು ಅಂಕಿಯೂ ಸರಿಹೊಂದಿತು.

“ಯಾಕೋ?” ಎಂದ ಶಂಕರೆಪ್ಪ. “ರೊಕ್ಕಕ್ಕ?”

“ರೊಕ್ಕಕ್ಕಲ್ಲ.” ಯುವರಾಜ ನೆಲ ನೋಡುತ್ತ ಹೇಳಿದ. “ಬಾನೆಟ್ ಎತ್ತಿದ್ರ ಬರೇ ಬೆಲ್ಟ್ ಕಡದಿತ್ತು. ಅವನ ಕೆಲಸಾ ನೋಡಿದ್ನಿ, ಒಂದ ತಪ್ಪ ಇಲ್ಲ. ಹತ್ತ ವರ್ಷ ಆತು ಮಾಮಾ, ನಾ ನಿಮ್ಮ ಕಡೆ ದುಡದು. ಒಂದ ದಿನ ನನ್ನ ಕೈ ಚಲೋ ಐತಿ ಅಂದೀರೇನು? ಅವ ಬಿಟ್ಟ ಹೋದ ಮ್ಯಾಲೂ ಸಂದೀಪನ ಕೈಯಿ, ಸಂದೀಪನ ಕೈಯಿ. ಒಮ್ಮೆ... ಒಮ್ಮೆ ಅವನ ಹೆಸರ ಕೆಡಲಿ ಅನಿಸ್ತು.”

ಆಗ ಹೊಳೆಯಿತು ಆ ಭಾವ ಎಲ್ಲಿ ನೋಡಿದ್ದೆ ಎಂದು. ನಿನ್ನೆ, ಸಿರಸಂಗಿಯಲ್ಲಿ, ಆರತಿ ತಟ್ಟೆ ಕೈಬಿಟ್ಟ ಮೇಲೆ, ಕಾರಿನ ಕಿಟಕಿಯ ಗಾಜಿನಲ್ಲಿ ಕಂಡ ನನ್ನದೇ ಮುಖದಲ್ಲಿ.

ಶಂಕರೆಪ್ಪ ಯುವರಾಜನ ಕೈಯಿಂದ ಪಾನಾ ಕಸಿದುಕೊಂಡು ತಾನೇ ಕಾರಿನ ಮೇಲೆ ಬಗ್ಗಿದ. ಹೊಸ ಡೈನಮೊವನ್ನು ಅವನೇ ಕೂಡಿಸಿದ. ಬೆಲ್ಟು ಹಾಕಿದವ ಸಂದೀಪ.

“ಬೆಲ್ಟ್ ಹಳೇದಾಗೇತಿ, ಬದಲಿಸ್ರಿ ಅಂತ ಅವತ್ತ ಹೇಳಿದ್ದೆ ಕಾಕಾರ,” ಎಂದ ಬಗ್ಗಿದಲ್ಲಿಂದಲೇ.

“ಮುಂದ ನೋಡೋಣು ಅಂದಿದ್ದೆ,” ಎಂದು ಅಪ್ಪ ಗೊಣಗಿದ. ಆಮೇಲೆ ದನಿ ಏರಿಸಿ, “ಆತು ಬಿಡಪಾ. ಸಿಟ್ಟಿನ್ಯಾಗ ಅಂದೇನಿ. ಜಾಗಾ ನಿಂದ. ಬಿಟ್ಟಬಿಡು.”

ಸಂದೀಪ ಕೈ ಒರೆಸಿಕೊಂಡು ನೆಟ್ಟಗೆ ನಿಂತ. “ನನ್ನೊಬ್ಬನ ಮುಂದ ಅಂದ್ರ ಸಾಲಂಗಿಲ್ಲ ಕಾಕಾರ. ಮಲಕಾಜಪ್ಪಗ ಹೇಳೀರಿ. ಅವಗ ಮತ್ತ ಹೇಳ್ರಿ. ಈಗ. ನಮ್ಮವ್ವಗ ಕೇಳೂಹಂಗ.”

ಅಪ್ಪ ಜೀವನದಲ್ಲಿ ಯಾರಿಗೂ ಹಾಗೆ ಫೋನು ಮಾಡಿದ್ದು ನಾನು ನೋಡಿಲ್ಲ. ವೈನಿಯ ಮುಖ ನೋಡಿದ, ಅವಳು ಅವನ ಕೈಯಲ್ಲಿನ ಫೋನು ನೋಡಿದಳು. ನಂಬರು ಒತ್ತಿದ.

“ಮಲಕಾಜಪ್ಪ, ನಾ. ಸ್ಪೀಕರ್ ಮ್ಯಾಲ ಹಾಕು. ಅಲ್ಲೆ ಮರೆವ್ವ ಅದಾಳೇನು? ಕರಿ. ...ಮರೆವ್ವ, ನಾ ನಿಜಗುಣಪ್ಪ. ನಿನ್ನ ಮಗಂದು ತಪ್ಪಿಲ್ಲ. ತಪ್ಪ ನಂದು. ಅಲ್ಲಿ ನಿಂತವರು ಎಲ್ಲಾರೂ ಕೇಳಿದ್ರಿಲ್ಲ? ನಾಳೆ ನನ್ನ ಟ್ರ್ಯಾಕ್ಟರ್ ಅವನ ಕಡೇನ ಬರತೈತಿ.”

ಆ ಕಡೆಯಿಂದ ಹೆಂಗಸಿನ ದನಿ: “ಆತ್ರಿ ಯಪ್ಪಾ.” ಅಷ್ಟೇ.

ಸಂದೀಪ ಬೈಕಿನ ಹತ್ತಿರ ಹೋದಾಗ ನಾನು ಹಿಂದೆ ಹೋದೆ. ಏನು ಹೇಳಬೇಕೆಂದು ಜೋಡಿಸಿಕೊಂಡಿರಲಿಲ್ಲ. ಅವನೇ ಮಾತು ತೆಗೆದ.

“ಫೋಟೊ ಮುಂಜಾನಿಂದ ನಿನ್ನ ಕಡೇನ ಇತ್ತಲ್ಲ?”

“ಇತ್ತು.”

“ಮತ್ತ ಯಾಕ ತೋರಿಸಲಿಲ್ಲ?”

ಗ್ಯಾರೇಜಿನ ಒಳಗೆ ಯುವರಾಜ ಖಾಲಿ ಗೋಣಿಚೀಲ ಮಡಚುತ್ತ ಕೂತಿದ್ದ. ಶಂಕರೆಪ್ಪ ಅವನಿಗೆ ಬೆನ್ನು ಹಾಕಿ ನಿಂತಿದ್ದ.

“ಅವಗ ಆಗಿದ್ದು ನನಗೂ ಆಗಿತ್ತು,” ಎಂದೆ.

ಸಂದೀಪ ನನ್ನನ್ನೇ ನೋಡಿದ. “ಹೊಟ್ಟಿಕಿಚ್ಚಾ? ನಿನಗ ಯಾರ ಮ್ಯಾಲ?”

ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ವೈನಿ ಕೂಗಿದಳು. ಅಪ್ಪ ಕಾರು ಚಾಲೂ ಮಾಡಿದ್ದ. ಅವಳು ಮುಂದಿನ ಬಾಗಿಲು ತೆರೆದು ಹಿಡಿದಿದ್ದಳು. ಬಾಗಿಲಿನ ಮೇಲೆ ಒಂದು ಕೈ, ಮುಖದಲ್ಲಿ ಸಿಟ್ಟಿಲ್ಲ. ನಾನು ರಾತ್ರಿ ಹೇಳಿದ ಸುಳ್ಳಿನ ಬಗ್ಗೆ ಅಪ್ಪನಿಗೆ ಅವಳು ಒಂದು ಮಾತೂ ಹೇಳಿರಲಿಲ್ಲ. ಹೇಳುವವಳೂ ಅಲ್ಲ ಎಂದು ಅವಳ ಮುಖದಿಂದಲೇ ಗೊತ್ತಾಯಿತು.

“ಬಾ ಗಂಗಾ, ನೀ ಮುಂದ ಕುಂದರು. ನಾ ಹಿಂದ ಕುಂದರತೇನಿ.”

ಹೋಗಿ ಕೂತೆ. ಅಪ್ಪನ ಪಕ್ಕದ ಸೀಟು.

ಅದನ್ನೂ ಅವಳೇ ಕೊಟ್ಟಳು.